ಅಕ್ಷರ ಒಲಿಯದ ಮಗುವಿನ ಪಕ್ಕದಲ್ಲಿ



ಹುಟ್ಟುಕುರುಡನೊಬ್ಬನನ್ನು ದಾರಿಯಲ್ಲಿ ಕಂಡ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ ಪ್ರಶ್ನೆ ನಿಮಗೆಲ್ಲ ನೆನಪಿರಬಹುದು. ಇವನು ಹೀಗೆ ಹುಟ್ಟಿದ್ದಕ್ಕೆ ಯಾರ ಪಾಪ ಕಾರಣ, ಇವನದೋ ಅಥವಾ ಇವನನ್ನು ಹೆತ್ತವರದೋ ಎಂದು ಅವರು ಕೇಳಿದರು. ಆ ಮನುಷ್ಯನಿಗೆ ಕಣ್ಣು ಕಾಣಿಸುತ್ತಿರಲಿಲ್ಲ, ನಿಜ. ಆದರೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಅವನ ವಿಷಯವಾದ ತೀರ್ಪಿನ ಚರ್ಚೆ ಅವನೆದುರಿಗೇ ನಡೆಯಿತು. ಸ್ವಾಮಿ ಕೊಟ್ಟ ಉತ್ತರವನ್ನು ಸಂತ ಯೊವಾನ್ನರು ತಮ್ಮ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಬರೆದಿಟ್ಟಿದ್ದಾರೆ. ತಪ್ಪು ಅವನದೂ ಅಲ್ಲ, ಅವನ ತಂದೆತಾಯಿಯದೂ ಅಲ್ಲ. ದೇವರು ತಮ್ಮ ಕೆಲಸವನ್ನು ಅವನಲ್ಲಿ ತೋರಿಸಲಿದ್ದಾರೆ ಎಂಬುದು ಆ ಉತ್ತರದ ಸಾರ. ಅಷ್ಟು ಹೇಳಿ ಸ್ವಾಮಿ ಸುಮ್ಮನಾಗಲಿಲ್ಲ. ನೆಲದ ಮಣ್ಣನ್ನು ಕಲಸಿ, ಅವನ ಕಣ್ಣಿಗೆ ಹಚ್ಚಿ, ತೊಳೆದುಕೊಂಡು ಬರಲು ಸಿಲೋವಾಂ ಕೊಳಕ್ಕೆ ಕಳುಹಿಸಿದರು.

ಪ್ರಿಯರೇ, ಶಿಷ್ಯರ ಆ ಪ್ರಶ್ನೆ ಇಂದಿಗೂ ನಮ್ಮ ಮನೆಗಳಲ್ಲಿ ನಿಂತಿಲ್ಲ. ಶಾಲೆಯಿಂದ ಅಂಕಪಟ್ಟಿ ಬಂದ ಸಂಜೆ ಅದು ಮತ್ತೆ ಕೇಳಿಬರುತ್ತದೆ. ಮೂರನೆಯ ತರಗತಿಯ ಒಬ್ಬ ಹುಡುಗನನ್ನು ಕಣ್ಮುಂದೆ ತಂದುಕೊಳ್ಳಿ. ಅಂಥವನು ನಿಮ್ಮ ಧರ್ಮಕೇಂದ್ರದಲ್ಲಿಯೂ ಇದ್ದಾನೆ. ಮಾತಿನಲ್ಲಿ ಚುರುಕು. ಅಂಗಡಿಗೆ ಕಳುಹಿಸಿದರೆ ಚಿಲ್ಲರೆಯ ಲೆಕ್ಕ ತಪ್ಪುವುದಿಲ್ಲ. ಭಾನುವಾರ ಗುರುಗಳು ಪ್ರಬೋಧನೆಯಲ್ಲಿ ಹೇಳಿದ ಕಥೆಯನ್ನು ಮನೆಯಲ್ಲಿ ಅಜ್ಜಿಗೆ ಬಿಡದೆ ಹೇಳುತ್ತಾನೆ. ಆದರೆ ಪುಸ್ತಕ ಬಿಡಿಸಿದೊಡನೆ ಅವನ ಮುಖ ಬಾಡುತ್ತದೆ. ನಿನ್ನೆ ಹತ್ತು ಸಲ ಓದಿಸಿದ ಪದವನ್ನು ಇಂದು ಎಂದೂ ಕಾಣದ ಪದದಂತೆ ನೋಡುತ್ತಾನೆ. ಉಕ್ತಲೇಖನ ಬರೆದರೆ ಒತ್ತಕ್ಷರವಿಲ್ಲ, ದೀರ್ಘವಿಲ್ಲ. ಆಗ ವಿಚಾರಣೆ ಆರಂಭವಾಗುತ್ತದೆ. ನೀನು ಮುದ್ದು ಮಾಡಿ ಕೆಡಿಸಿದೆ ಎಂದು ತಂದೆ. ನಿಮ್ಮ ಕಡೆಯವರೆಲ್ಲ ಹೀಗೇ ಅಲ್ಲವೇ ಎಂದು ತಾಯಿ. ಗಮನವಿಲ್ಲ, ಸೋಮಾರಿ ಎಂದು ಶಿಕ್ಷಕರು. ಯಾರದೋ ಕಣ್ಣು ಬಿದ್ದಿದೆ ಎಂದು ನೆರೆಮನೆಯವರು. ಹುಡುಗ ಅಲ್ಲಿಯೇ ನಿಂತಿದ್ದಾನೆ. ಅವನಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಇಂಥ ಮಗುವಿನ ಬಗ್ಗೆ ಇಂದು ಒಂದೇ ಒಂದು ಮಾತನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ತಪ್ಪು ಯಾರದು ಎಂದು ಹುಡುಕುವುದನ್ನು ಬಿಡೋಣ. ಈ ಮಗುವಿನ ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕು ಎಂದು ಕೇಳಿಕೊಳ್ಳೋಣ.

ಇದು ಸೋಮಾರಿತನವಲ್ಲ

1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ವಿಚಾರ ಬರೆದರು. ಹುಡುಗ ಬುದ್ಧಿವಂತ, ಲೆಕ್ಕದಲ್ಲಿ ಚುರುಕು, ಕಣ್ಣಿನಲ್ಲಿ ದೋಷವಿಲ್ಲ. ಏಳು ವರ್ಷ ಪಾಠ ಹೇಳಿಸಿದ್ದರೂ ಚಿಕ್ಕ ಪದಗಳನ್ನು ಓದಲು ತಿಣುಕುತ್ತಿದ್ದ. ತನ್ನ ಹೆಸರನ್ನೇ ಪ್ರೆಸಿ ಎಂದು ಬರೆದಿದ್ದ. ಯಾರಾದರೂ ತೋರಿಸಿಕೊಡುವವರೆಗೆ ತಪ್ಪು ಅವನಿಗೆ ಕಾಣಿಸಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಜಾಣನಾಗುತ್ತಿದ್ದ ಎಂಬುದು ಅವನಿಗೆ ಕಲಿಸಿದ ಶಿಕ್ಷಕರ ಅಭಿಪ್ರಾಯವಾಗಿತ್ತು. ಈ ತೊಂದರೆಗೆ ಡಿಸ್ಲೆಕ್ಸಿಯಾ ಎಂಬ ಹೆಸರು ಇಂದು ರೂಢಿಯಲ್ಲಿದೆ. 2007ರಲ್ಲಿ ಬಂದ 'ತಾರೇ ಜಮೀನ್ ಪರ್' ಹಿಂದಿ ಚಲನಚಿತ್ರದಿಂದ ಈ ಮಾತು ನಮ್ಮ ಮನೆಗಳಿಗೂ ಬಂದಿತು.

ನಾವು ಆಡುವ ಮಾತು ಸದ್ದುಗಳಿಂದ ಆದದ್ದು. ಓದುವುದೆಂದರೆ ಆ ಸದ್ದುಗಳನ್ನು ಬಿಡಿಸಿ, ಒಂದೊಂದನ್ನು ಒಂದೊಂದು ಗುರುತಿಗೆ ಜೋಡಿಸುವುದು. ಬಹಳ ಮಕ್ಕಳಿಗೆ ಈ ಜೋಡಣೆ ಒಂದೆರಡು ವರ್ಷಗಳಲ್ಲಿ ತಾನಾಗಿ ಸರಾಗವಾಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿನ ಮಿದುಳು ಇದೇ ಕೆಲಸವನ್ನು ಬೇರೆ ರೀತಿಯಲ್ಲಿ, ಹೆಚ್ಚು ಶ್ರಮಪಟ್ಟು ಮಾಡಬೇಕಾಗುತ್ತದೆ. ಇದು ಬುದ್ಧಿಯ ಕೊರತೆಯಲ್ಲ, ಕಣ್ಣಿನ ರೋಗವಲ್ಲ, ಹಟವೂ ಅಲ್ಲ. ಕುಟುಂಬಗಳಲ್ಲಿ ಹರಿದು ಬರುವುದುಂಟು. ಮಗನನ್ನು ಬಯ್ಯುವ ತಂದೆ ತನ್ನ ಶಾಲೆಯ ದಿನಗಳನ್ನು ಸ್ವಲ್ಪ ನೆನೆದರೆ ಬಯ್ಗುಳ ಅರ್ಧಕ್ಕೆ ನಿಲ್ಲಬಹುದು. ನೂರು ಮಕ್ಕಳಲ್ಲಿ 5ರಿಂದ 10 ಮಕ್ಕಳಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಇರುತ್ತದೆಂಬುದು ತಜ್ಞರು ಸಾಮಾನ್ಯವಾಗಿ ಕೊಡುವ ಅಂದಾಜು. ಹಾಗಾದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರಾದರೂ ಇರುತ್ತಾರೆ.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದ್ದರಿಂದ ಕಷ್ಟವೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ಇಂಗ್ಲಿಷಿನಷ್ಟು ಗೊಂದಲ ಇಲ್ಲಿ ಇಲ್ಲ, ಆದರೆ ಕಲಿಯಬೇಕಾದ ಗುರುತುಗಳು ಬಹಳ. ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಮ ಮತ್ತು ವ ನೋಡಲು ಅಣ್ಣತಮ್ಮಂದಿರಂತೆ; ಥ ಮತ್ತು ಧ ನಡುವೆ ಅಂತರ ಬಹಳ ಸಣ್ಣದು. ನಮ್ಮ ನಾಲಿಗೆಯಲ್ಲಿ ದಿನವೂ ಇರುವ ಧರ್ಮ ಎಂಬ ಪದವನ್ನೇ ನೋಡಿ. ರಕಾರವನ್ನು ನಾವು ಮಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ, ಬರೆಯುವಾಗ ಅರ್ಕಾವತ್ತು ಮಕಾರದ ನಂತರ ಬರುತ್ತದೆ. ದೊಡ್ಡವರಾದ ನಮಗೆ ಅದು ಗಮನಕ್ಕೇ ಬರುವುದಿಲ್ಲ. ತಿಣುಕುವ ಮಗುವಿಗೆ ಅದೊಂದು ಬೆಟ್ಟ. ಸೊನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಕಲಿಯುವ ಮಕ್ಕಳ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ನಮ್ಮ ಅಕ್ಷರಗಳ ಕಲಿಕೆ ಮೊದಲ ವರ್ಷಕ್ಕೆ ಮುಗಿಯುವುದಿಲ್ಲ, ಮುಂದಿನ ತರಗತಿಗಳಲ್ಲಿಯೂ ನಿಧಾನವಾಗಿ ಸಾಗುತ್ತದೆ. ಎಲ್ಲ ಮಕ್ಕಳಿಗೂ ತಾಳ್ಮೆ ಬೇಕು. ಈ ಮಗುವಿಗೆ ಇನ್ನೂ ಹೆಚ್ಚು ಬೇಕು.

ಕೋಲಿನ ಮಾತು

ದಂಡಂ ದಶಗುಣಂ ಎಂದು ಹಿರಿಯರು ಹೇಳುತ್ತಿದ್ದರು. ನಮ್ಮಲ್ಲಿ ಕೆಲವರು ಅದಕ್ಕೆ ಜ್ಞಾನೋಕ್ತಿಗಳ ಗ್ರಂಥದ ಬೆತ್ತದ ಮಾತನ್ನೂ ಸೇರಿಸುತ್ತಾರೆ. ಆದರೆ ಕುರುಬನ ಕೈಯ ಕೋಲು ಏತಕ್ಕೆ ಎಂಬುದನ್ನು ನಮ್ಮ ಹಳ್ಳಿಯ ಕುರುಬರನ್ನೇ ಕೇಳಿ. ದಾರಿ ತಪ್ಪಿದ ಕುರಿಯನ್ನು ಹಿಂಡಿಗೆ ತಿರುಗಿಸಲು, ಹಳ್ಳಕ್ಕೆ ಬಿದ್ದದ್ದನ್ನು ಎತ್ತಲು, ತೋಳವನ್ನು ಅಟ್ಟಲು ಅದು ಬೇಕು. ಕುಂಟುವ ಕುರಿಗೆ ಕುಂಟುತ್ತದೆಂದು ಹೊಡೆಯುವ ಕುರುಬನನ್ನು ನಾನು ಕಂಡಿಲ್ಲ. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ತಂದೆಯರಿಗೆ ನೇರವಾಗಿ ಎಚ್ಚರಿಕೆ ಕೊಡುತ್ತಾರೆ. ಮಕ್ಕಳನ್ನು ಕೆಣಕಬೇಡಿ, ಅವರ ಧೈರ್ಯ ಕುಂದೀತು ಎಂಬುದು ಅದರ ಅರ್ಥ.

ಧೈರ್ಯ ಕುಂದಿದ ಮಗು ಏನು ಮಾಡುತ್ತದೆಂಬುದು ಶಿಕ್ಷಕರಿಗೆಲ್ಲ ಗೊತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಬರುತ್ತದೆ. ಓದಲು ಎಬ್ಬಿಸುತ್ತಾರೆಂಬ ಭಯದಿಂದ ತರಗತಿಯಲ್ಲಿ ಗಲಾಟೆ ಮಾಡಿ ಹೊರಗೆ ನಿಲ್ಲುತ್ತದೆ. ದಡ್ಡನೆನಿಸಿಕೊಳ್ಳುವುದಕ್ಕಿಂತ ತುಂಟನೆನಿಸಿಕೊಳ್ಳುವುದು ಅದಕ್ಕೆ ಹಿತ. ಕೊನೆಗೆ ಶಾಲೆಯನ್ನೇ ಬಿಡುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ತಂದೆತಾಯಿಗೆ, ಶಿಕ್ಷಕರಿಗೆ, ಯಾರಿಗೂ ನಾನು ಬೇಡವಾದವನು ಎಂದು ದಿನವೂ ಕೇಳುವ ಮಗು, ದೇವರಿಗೂ ನಾನು ಬೇಡವಾದವನು ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿಬಿಡುತ್ತದೆ. ಅಂಕಪಟ್ಟಿಯ ಕೆಂಪು ಗೆರೆಯನ್ನು ಮುಂದಿನ ವರ್ಷ ಅಳಿಸಬಹುದು. ಈ ತೀರ್ಮಾನವನ್ನು ಅಳಿಸಲು ಬಹಳ ಕಾಲ ಬೇಕು. ಆದ್ದರಿಂದ ಪಾಪನಿವೇದನೆಗೆ ಸಿದ್ಧರಾಗುವಾಗ, ಮಗುವಿಗೆ ದಡ್ಡ ಎಂದ ಮಾತನ್ನೂ ನಾವು ಆತ್ಮಪರಿಶೋಧನೆಯಲ್ಲಿ ಸೇರಿಸಿಕೊಳ್ಳೋಣ.

ಇದರ ಜೊತೆಗೆ ಇನ್ನೊಂದು ಮಾತು. ಇದು ಶಾಪವಲ್ಲ, ಮಾಟವಲ್ಲ, ದುಷ್ಟಾತ್ಮದ ಕಾಟವೂ ಅಲ್ಲ. ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಪುಣ್ಯಕ್ಷೇತ್ರಕ್ಕೆ ಕರೆದುಕೊಂಡು ಹೋಗಿ, ಅದು ಒಳ್ಳೆಯದೇ. ಆದರೆ ಪ್ರಾರ್ಥನೆಯನ್ನು ಪರೀಕ್ಷೆಗೆ, ಪಾಠಕ್ಕೆ ಬದಲಿಯಾಗಿ ಇಡಬೇಡಿ. ಬುದ್ಧಿ ಹೆಚ್ಚಿಸುವ ಟಾನಿಕ್, ಮಾತ್ರೆ ಎಂದು ಮಾರುವವರ ಕೈಗೆ ದುಡಿದ ಹಣವನ್ನು ಕೊಡಬೇಡಿ. ಸ್ವಾಮಿ ಕುರುಡನಿಗೆ ಮಣ್ಣು ಹಚ್ಚಿದ ಮೇಲೂ ಅವನು ತಾನೇ ಕೊಳದವರೆಗೆ ನಡೆಯಬೇಕಾಯಿತು.

ಆರೋನನನ್ನು ಕೊಟ್ಟ ದೇವರು

ವಿಮೋಚನಾಕಾಂಡದ 4ನೆಯ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ಓದಿ. ಉರಿಯುವ ಪೊದೆಯ ಮುಂದೆ ನಿಂತ ಮೋಶೆ, ತನ್ನ ನಾಲಿಗೆ ಹೊರಳುವುದಿಲ್ಲ, ತನಗೆ ಮಾತು ಬಾರದು ಎಂದು ದೇವರಲ್ಲಿ ಬೇಡಿಕೊಂಡನು. ದೇವರು ಅವನ ನಾಲಿಗೆಯನ್ನು ಆ ಗಳಿಗೆಯಲ್ಲಿ ಸರಿಪಡಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಅಣ್ಣನಾದ ಆರೋನನನ್ನು ಅವನ ಪಕ್ಕದಲ್ಲಿ ನಿಲ್ಲಿಸಿದರು. ಮಾತು ಆರೋನನ ಬಾಯಿಂದ ಬಂದರೂ ಜನರನ್ನು ಬಿಡುಗಡೆಗೆ ನಡೆಸಿದವನು ಮೋಶೆಯೇ.

ಪ್ರವಾದಿ ಯೆರೆಮೀಯ ಹೇಳುತ್ತಾ ಹೋದಂತೆ ಬಾರೂಕನು ಸುರುಳಿಯಲ್ಲಿ ಬರೆದನು. ಅರಸನು ಅದನ್ನು ಸುಟ್ಟಾಗ ಮತ್ತೆ ಹೇಳಿದನು, ಮತ್ತೆ ಬರೆದನು. ಸಂತ ಪೌಲರ ಪತ್ರಗಳಲ್ಲಿ ಅತಿ ಗಹನವಾದ ರೋಮನರ ಪತ್ರವನ್ನು ಕೈಯಿಂದ ಬರೆದವನು ತೆರ್ತಿಯ ಎಂಬುವನು. ಕೊನೆಯ ಅಧ್ಯಾಯದಲ್ಲಿ ಅವನು ತನ್ನ ವಂದನೆಯನ್ನೂ ಸೇರಿಸಿದ್ದಾನೆ. ಆದರೂ ನಾವು ಬಲಿಪೂಜೆಯಲ್ಲಿ ಅದನ್ನು ತೆರ್ತಿಯನ ಪತ್ರವೆಂದು ಓದುವುದಿಲ್ಲ. ಹೇಳಿದವರು ಪೌಲರು; ವಿಚಾರ ಅವರದು.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕನನ್ನು ಕೊಡೋಣ ಎಂದರೆ, ಅದು ಮೋಸವಲ್ಲವೇ, ಬೇರೆ ಮಕ್ಕಳಿಗೆ ಅನ್ಯಾಯವಲ್ಲವೇ ಎಂದು ನಮ್ಮವರೇ ಕೇಳುತ್ತಾರೆ. ಪರೀಕ್ಷೆ ಅಳೆಯಬೇಕಾದದ್ದು ಮಗು ವಿಜ್ಞಾನವನ್ನು, ಚರಿತ್ರೆಯನ್ನು ತಿಳಿದಿದೆಯೇ ಎಂಬುದನ್ನು. ದೃಷ್ಟಿ ಮಂದವಾದವನಿಗೆ ಕನ್ನಡಕ ಕೊಟ್ಟರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ತೊಂದರೆಗಳನ್ನು ಹೆಸರಿಸುತ್ತದೆ. ನಿರ್ದಿಷ್ಟ ಕಲಿಕಾ ತೊಂದರೆ, ಅಂದರೆ ಡಿಸ್ಲೆಕ್ಸಿಯಾ ಮೊದಲಾದವು, ಅವುಗಳಲ್ಲಿ ಒಂದು. ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಇದನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ರೀತಿಯಲ್ಲಿ ಕಲಿಸಬೇಕೆಂದು ಅದರ 16ನೆಯ ಸೆಕ್ಷನ್ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವೆಲ್ಲ 17ನೆಯ ಸೆಕ್ಷನ್‌ನಲ್ಲಿ ಹೆಸರಿಸಿದ ಮಾರ್ಗಗಳು. ಇದು ಭಿಕ್ಷೆಯಲ್ಲ, ಹಕ್ಕು. ನಮ್ಮ ಧರ್ಮಕ್ಷೇತ್ರಗಳ, ಧಾರ್ಮಿಕ ಸಭೆಗಳ ಶಾಲೆಗಳೂ ಮಾನ್ಯತೆ ಪಡೆದ ಶಾಲೆಗಳೇ. ಸಂತರ ಹೆಸರಿಟ್ಟುಕೊಂಡ ಶಾಲೆಯಲ್ಲಿ ಕಾನೂನಿಗಿಂತ ಪ್ರೀತಿ ಒಂದು ಹೆಜ್ಜೆ ಮುಂದಿರಬೇಕು.

ಆ ಪ್ರೀತಿ ಹೇಗಿರುತ್ತದೆಂಬುದಕ್ಕೆ ಧರ್ಮಕೇಂದ್ರಗಳ ಗುರುಗಳ ಪಾಲಕರಾದ ಸಂತ ಜಾನ್ ವಿಯಾನ್ನಿಯವರ ಜೀವನವೇ ಸಾಕ್ಷಿ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಹೊಲದಲ್ಲಿ ದುಡಿಯುತ್ತಾ ಬೆಳೆದ ಅವರಿಗೆ ಓದು ತಡವಾಗಿ ಸಿಕ್ಕಿತು. ಲತೀನ್ ಭಾಷೆ ತಲೆಗೆ ಹತ್ತಲೇ ಇಲ್ಲ. ಗುರುಮಠದಿಂದ ಅವರನ್ನು ಹಿಂದಕ್ಕೆ ಕಳುಹಿಸಿದರು. ಆಗ ಎಕ್ಯುಲಿ ಎಂಬ ಊರಿನ ಧರ್ಮಕೇಂದ್ರದ ಗುರು ಬಾಲೆಯವರು ಕೈಬಿಡಲಿಲ್ಲ. ತಮ್ಮ ಮನೆಯಲ್ಲಿಯೇ ಕೂರಿಸಿಕೊಂಡು ಪಾಠ ಹೇಳಿದರು; ಅವರಿಗಾಗಿ ಮೇಲಿನವರ ಬಳಿ ವಾದಿಸಿದರು; ಲತೀನಿನ ಬದಲು ಅವರ ಮಾತೃಭಾಷೆಯಲ್ಲಿಯೇ ಪರೀಕ್ಷೆ ನಡೆಯಿತು. 1815ರಲ್ಲಿ ವಿಯಾನ್ನಿ ಗುರುದೀಕ್ಷೆ ಪಡೆದರು. ಮುಂದೆ ಆರ್ಸ್ ಎಂಬ ಸಣ್ಣ ಹಳ್ಳಿಯಲ್ಲಿ ಅವರ ಪಾಪನಿವೇದನಾ ಪೀಠದ ಮುಂದೆ ದೂರದೂರದ ಜನ ಸಾಲುಗಟ್ಟಿ ನಿಂತರು. ಸಂತರ ಹೆಸರು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ಕುಳಿತವರ ಹೆಸರು ಯಾರಿಗೂ ನೆನಪಿಲ್ಲ. ಆ ಕೆಲಸವೇ ಹಾಗೆ.

ಲೂರ್ದಿನ ಹುಡುಗಿ

ಫೆಬ್ರವರಿ 11ರಂದು ನಾವೆಲ್ಲ ಲೂರ್ದು ಮಾತೆಯ ಹಬ್ಬ ಆಚರಿಸುತ್ತೇವೆ. ಗವಿಯ ಮುಂದೆ ಮೊಣಕಾಲೂರಿದ ಹುಡುಗಿಯ ಪ್ರತಿಮೆ ನಮ್ಮ ಎಷ್ಟೋ ದೇವಾಲಯಗಳ ಅಂಗಳದಲ್ಲಿದೆ. ಆದರೆ 1858ರ ಆ ದಿನ ಬೆರ್ನದೆತ್ ಯಾವ ಸ್ಥಿತಿಯಲ್ಲಿದ್ದಳು ಎಂಬುದನ್ನು ನಾವು ನೆನೆಯುವುದು ಅಪರೂಪ. ಹದಿನಾಲ್ಕು ವರ್ಷವಾಗಿದ್ದರೂ ಓದುಬರಹ ಬಾರದು. ಧರ್ಮೋಪದೇಶದ ಪ್ರಶ್ನೋತ್ತರ ಬಾಯಿಗೆ ಬಾರದ ಕಾರಣ ಪ್ರಥಮ ಪರಮಪ್ರಸಾದವೂ ಸಿಕ್ಕಿರಲಿಲ್ಲ. ಬಾರ್ತ್ರೆಸ್ ಎಂಬ ಹಳ್ಳಿಯಲ್ಲಿ ಅವಳಿಗೆ ಸಂಜೆ ಪಾಠ ಹೇಳಿಕೊಡುತ್ತಿದ್ದ ಸಾಕುತಾಯಿ ತಾಳ್ಮೆ ಕಳೆದುಕೊಂಡು, ನಿನಗೆ ಇದು ಜನ್ಮದಲ್ಲಿ ಬಾರದೆಂದು ಬೈದುಬಿಟ್ಟಿದ್ದಳು. ಬೆರ್ನದೆತ್‌ಗೆ ಡಿಸ್ಲೆಕ್ಸಿಯಾ ಇತ್ತೆಂದು ನಾನು ಹೇಳುತ್ತಿಲ್ಲ. ಬಡತನ, ಉಬ್ಬಸದ ಕಾಯಿಲೆ, ಶಾಲೆಗೆ ಹೋಗಲಾಗದ ಪಾಡು ಅವಳ ಕಷ್ಟಕ್ಕೆ ಕಾರಣ. ಮೇಲಾಗಿ ಪುಸ್ತಕ ಫ್ರೆಂಚ್ ಭಾಷೆಯಲ್ಲಿತ್ತು, ಅವಳ ಮನೆಮಾತು ಬೇರೆಯಾಗಿತ್ತು.

ನಮ್ಮ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಮನೆಯಲ್ಲಿ ಕೊಂಕಣಿ, ತುಳು ಅಥವಾ ತಮಿಳು, ದೇವಾಲಯದಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇಂಥ ಮಗು ಓದಿನಲ್ಲಿ ತಡವರಿಸಿದರೆ ಅದೆಲ್ಲ ಡಿಸ್ಲೆಕ್ಸಿಯಾ ಅಲ್ಲ. ಆದರೆ ಯಾವ ಕಾರಣದಿಂದ ತಡವರಿಸಿದರೂ ಬೈಗುಳ ಅದಕ್ಕೆ ಮದ್ದಲ್ಲ.

ದೇವಮಾತೆ ಆ ಹುಡುಗಿಯೊಡನೆ ಹೇಗೆ ಮಾತಾಡಿದರು ನೋಡಿ. ಪುಸ್ತಕದ ಭಾಷೆಯಲ್ಲಿ ಅಲ್ಲ, ಬೆರ್ನದೆತ್‌ಳ ಮನೆಮಾತಿನಲ್ಲಿ. ಅದೂ ನೀನು ಎಂದಲ್ಲ, ನೀವು ಎಂದು ಗೌರವದಿಂದ. ಊರಿನವರು ಬಡ ಗಿರಣಿಯವನ ಮಗಳೆಂದು ಲೆಕ್ಕಕ್ಕಿಡದ ಹುಡುಗಿ ಅದನ್ನು ಕೇಳಿ ಬೆರಗಾದಳು. ಮಾರ್ಚ್ 25ರಂದು ಮಾತೆ ತಾವು ಅಮಲೋದ್ಭವಿ ಎಂದು ತಿಳಿಸಿದಾಗ ಆ ಪದದ ಅರ್ಥ ಅವಳಿಗೆ ತಿಳಿಯಲಿಲ್ಲ. ಬರೆದುಕೊಳ್ಳಲು ಬಾರದು. ಮರೆತುಹೋದೀತೆಂದು ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಾ ಗುರುಗಳ ಮನೆಗೆ ಹೋದಳು. ಕಿವಿಯಿಂದ ಬಂದದ್ದನ್ನು ನಾಲಿಗೆಯಲ್ಲಿ ಹೊತ್ತು ತಂದು ಧರ್ಮಸಭೆಗೆ ಒಪ್ಪಿಸಿದಳು. ಅದೇ ವರ್ಷ ಜೂನ್ 3ರಂದು ಪ್ರಥಮ ಪರಮಪ್ರಸಾದ ಸ್ವೀಕರಿಸಿದಳು. ಬರುಬರುತ್ತಾ ಓದುಬರಹವನ್ನೂ ಕಲಿತಳು. 1933ರಲ್ಲಿ ಧರ್ಮಸಭೆ ಅವಳನ್ನು ಸಂತಳೆಂದು ಘೋಷಿಸಿತು.

ಆದ್ದರಿಂದ ಧರ್ಮೋಪದೇಶ ಬೋಧಿಸುವವರಲ್ಲಿ ನನ್ನದೊಂದು ವಿನಂತಿ. ಭಾನುವಾರದ ತರಗತಿಯಲ್ಲಿ ಎಲ್ಲ ಮಕ್ಕಳನ್ನೂ ಸಾಲಾಗಿ ಎಬ್ಬಿಸಿ ಗಟ್ಟಿಯಾಗಿ ಓದಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಓದಲು ಬಾರದ ಮಗುವಿಗೆ ಅದು ಶಿಲುಬೆ ಹಾದಿಯೇ ಸರಿ. ಪ್ರಥಮ ಪರಮಪ್ರಸಾದಕ್ಕೆ ಬರವಣಿಗೆಯ ಪರೀಕ್ಷೆ ಬೇಕೆಂದು ಧರ್ಮಸಭೆ ಎಲ್ಲಿಯೂ ಹೇಳಿಲ್ಲ. ಸಂತ ಹತ್ತನೆಯ ಪಿಯೂಸರು 1910ರಲ್ಲಿ, ಮಗುವಿಗೆ ಧರ್ಮತತ್ವಗಳ ಸಂಪೂರ್ಣ ಜ್ಞಾನ ಇರಬೇಕಾಗಿಲ್ಲ, ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ಭೇದ ತಿಳಿದರೆ ಸಾಕೆಂಬ ರೀತಿಯಲ್ಲಿ ಬಾಗಿಲು ತೆರೆದರು. 1983ರ ಧರ್ಮಸಭಾ ಕಾನೂನು ಸಂಹಿತೆಯ 913ನೆಯ ನಿಯಮ ಮಗು ತನ್ನ ಶಕ್ತಿಗೆ ತಕ್ಕಂತೆ ಕ್ರಿಸ್ತರ ರಹಸ್ಯವನ್ನು ಅರಿತು, ವಿಶ್ವಾಸ ಭಕ್ತಿಗಳಿಂದ ಸ್ವೀಕರಿಸಬೇಕೆಂದು ಕೇಳುತ್ತದೆ. ಶಕ್ತಿಗೆ ತಕ್ಕಂತೆ ಎಂಬುದನ್ನು ಗಮನಿಸಿ. ಜಪಸರ, ಶಿಲುಬೆ ಹಾದಿ, ಗೋದಲಿ, ಬಣ್ಣದ ಗಾಜಿನ ಚಿತ್ರಗಳು ಇವೆಲ್ಲ ಓದು ಬಾರದ ಕೋಟ್ಯಂತರ ಜನರಿಗೆ ನಮ್ಮ ವಿಶ್ವಾಸವನ್ನು ಕಲಿಸಿವೆ. ಅವು ಈ ಮಕ್ಕಳಿಗೂ ಸಾಕಷ್ಟು ಹೇಳಿಯಾವು.

ನಾವು ಮಾಡಬಹುದಾದದ್ದು

ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬನು ರಥದಲ್ಲಿ ಕುಳಿತು ಯೆಶಾಯನ ಗ್ರಂಥ ಓದುತ್ತಿದ್ದಾನೆ. ತಿಳಿಯಿತೇ ಎಂದು ಫಿಲಿಪ್ಪ ಕೇಳಿದಾಗ, ತಿಳಿಸಿಕೊಡುವವರಿಲ್ಲದೆ ಹೇಗೆ ತಿಳಿದೀತು ಎನ್ನುತ್ತಾನೆ. ಫಿಲಿಪ್ಪ ಕೆಳಗೆ ನಿಂತು ಉಪದೇಶ ಮಾಡಲಿಲ್ಲ. ರಥ ಹತ್ತಿ ಪಕ್ಕದಲ್ಲಿ ಕುಳಿತನು. ಪಕ್ಕದಲ್ಲಿ ಕುಳಿತುಕೊಳ್ಳುವುದು ನಮಗೆ ಹೇಗೆ ಸಾಧ್ಯವೆಂದು ಈಗ ನೋಡೋಣ.

ಮೊದಲನೆಯದಾಗಿ ತಂದೆತಾಯಿ. ಎರಡನೆಯ ವತಿಕಾನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ ಮಕ್ಕಳಿಗೆ ಮೊದಲ ಶಿಕ್ಷಕರು ಹೆತ್ತವರೇ ಎಂದು ಹೇಳಿದೆ. ಮಗು ಓದಿನಲ್ಲಿ ಹಿಂದುಳಿದರೆ ಮೊದಲು ಕಣ್ಣು ಮತ್ತು ಕಿವಿಯನ್ನು ಪರೀಕ್ಷೆ ಮಾಡಿಸಿ. ಅವು ಸರಿಯಾಗಿದ್ದರೆ ಮಕ್ಕಳ ವೈದ್ಯರ ಸಲಹೆ ಪಡೆದು ಮನಶ್ಶಾಸ್ತ್ರಜ್ಞರ ಬಳಿ ಕಲಿಕೆಯ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕಾಗಿಯೇ ರೂಪಿಸಿದ ಪರೀಕ್ಷಾ ಕ್ರಮ ದೇಶದ ಅನೇಕ ಕಡೆ ಬಳಕೆಯಲ್ಲಿದೆ. ಪ್ರಮಾಣಪತ್ರವನ್ನು ಸರ್ಕಾರ ಗೊತ್ತುಮಾಡಿದ ಆಸ್ಪತ್ರೆಯಿಂದಲೇ ಪಡೆಯಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ರಿಯಾಯಿತಿಗಳಿಗೆ ಮುಖ್ಯೋಪಾಧ್ಯಾಯರ ಮೂಲಕ ಸಾಕಷ್ಟು ಮೊದಲೇ ಅರ್ಜಿ ಹಾಕಿ. ಹತ್ತನೆಯ ತರಗತಿಯ ಜನವರಿಯಲ್ಲಿ ಎಚ್ಚೆತ್ತರೆ ತಡವಾಗುತ್ತದೆ. ಕಲಿಕೆಯ ತೊಂದರೆಯನ್ನು ಖಚಿತವಾಗಿ ಹೇಳುವುದು ಸಾಮಾನ್ಯವಾಗಿ ಎಂಟು ವರ್ಷದ ಸುಮಾರಿಗೆ. ಆದರೆ ಸಹಾಯ ಮಾಡಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಮನೆಯಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಬೇಕು. ಅಕ್ಷರದ ಸದ್ದನ್ನು ಗಟ್ಟಿಯಾಗಿ ಹೇಳುತ್ತಾ ಅಕ್ಕಿಯ ತಟ್ಟೆಯಲ್ಲಿ, ಮರಳಿನಲ್ಲಿ ಬೆರಳಿನಿಂದ ಬರೆಸಿ. ನಮ್ಮ ಅಜ್ಜಂದಿರು ಕಲಿತದ್ದೂ ಹಾಗೆಯೇ. ಕಣ್ಣು, ಕಿವಿ, ಕೈ ಒಟ್ಟಾಗಿ ಕೆಲಸಮಾಡಿದರೆ ಕಲಿತದ್ದು ನಿಲ್ಲುತ್ತದೆ ಎಂಬುದನ್ನು ವಿಶೇಷ ಶಿಕ್ಷಕರೂ ಒಪ್ಪುತ್ತಾರೆ. ಒಂದು ಗುರುತು ಗಟ್ಟಿಯಾದ ಮೇಲೆ ಮಾತ್ರ ಇನ್ನೊಂದಕ್ಕೆ ಹೋಗಿ. ತಪ್ಪಿದ ಪದವನ್ನು ಐವತ್ತು ಸಲ ಬರೆಸಿದರೆ ತಪ್ಪೇ ಐವತ್ತು ಸಲ ಗಟ್ಟಿಯಾಗುತ್ತದೆ. ಪಾಠವನ್ನು ನೀವೇ ಓದಿ ಹೇಳಿ. ಓದು ನಿಧಾನವಾದರೆ ತಿಳುವಳಿಕೆಯೂ ಹಸಿದಿರಬೇಕೆಂದಿಲ್ಲ. ಅಕ್ಕನನ್ನು ತೋರಿಸಿ ತಮ್ಮನನ್ನು ಹೀಗಳೆಯಬೇಡಿ. ಚಿತ್ರ ಬರೆಯುವುದೋ, ಹಾಡುವುದೋ, ಸೈಕಲ್ ಬಿಚ್ಚಿ ಜೋಡಿಸುವುದೋ, ದೇವರು ಅವನ ಕೈಯಲ್ಲಿಟ್ಟ ವರ ಯಾವುದೆಂದು ಹುಡುಕಿ, ಅದನ್ನು ಎಲ್ಲರೆದುರು ಹೊಗಳಿ. ನಿಮಗೇ ಓದು ಬಾರದಿದ್ದರೆ ನಾಚಬೇಡಿ. ಮಗು ಓದುವಾಗ ಟಿ.ವಿ. ಆರಿಸಿ, ಮೊಬೈಲ್ ದೂರವಿಟ್ಟು ಪಕ್ಕದಲ್ಲಿ ಕುಳಿತ ತಾಯಿಯೂ ಪಾಠ ಹೇಳುತ್ತಿದ್ದಾಳೆ.

ಎರಡನೆಯದಾಗಿ ಶಿಕ್ಷಕ ಶಿಕ್ಷಕಿಯರು. ನಿಮ್ಮ ತರಗತಿಗಳು ತುಂಬಿ ತುಳುಕುತ್ತಿವೆ, ನಿಮಗೆ ಬೇರೆ ಕೆಲಸಗಳೂ ಬಹಳ ಎಂಬುದು ತಿಳಿದ ವಿಷಯವೇ. ಆದರೂ ಕೆಲವಕ್ಕೆ ಹಣವೂ ಬೇಡ, ಹೆಚ್ಚಿನ ಸಮಯವೂ ಬೇಡ. ಈ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ. 'ಈಗ ಓದು' ಎಂದು ಥಟ್ಟನೆ ಎಬ್ಬಿಸದೆ ಹಿಂದಿನ ದಿನವೇ ಎರಡು ಸಾಲು ಗೊತ್ತುಮಾಡಿಕೊಡಿ. ಉತ್ತರವನ್ನು ಬಾಯಿಮಾತಿನಲ್ಲಿ ಹೇಳಲು ಬಿಡಿ. ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಕಾಗುಣಿತಕ್ಕೆ ಅಂಕ ಕಳೆಯಬೇಡಿ. ಬೋರ್ಡಿನಿಂದ ನಕಲು ಮಾಡಲಾಗದಿದ್ದರೆ ಪಕ್ಕದವನ ನೋಟು ಪುಸ್ತಕ ಕೊಡಿಸಿ.

ಮೂರನೆಯದಾಗಿ ಧರ್ಮಕೇಂದ್ರ. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಕಾಲೇಜು ಓದುವ ಯುವಕ ಯುವತಿಯರಿದ್ದಾರೆ, ಧರ್ಮಭಗಿನಿಯರಿದ್ದಾರೆ. ಸಂಜೆ ಬೀಗ ಹಾಕಿರುವ ಸಭಾಂಗಣವೂ ಇದೆ. ವಾರಕ್ಕೆ ಮೂರು ಸಂಜೆ ಅದರ ಬೀಗ ತೆಗೆದು, ಒಬ್ಬೊಬ್ಬ ಮಗುವಿನ ಪಕ್ಕದಲ್ಲಿ ಒಬ್ಬೊಬ್ಬರು ಕುಳಿತರೆ ಹೇಗಿರುತ್ತದೆ? ಪರೀಕ್ಷೆಗೆ ಬಡ ಕುಟುಂಬದ ಹಣ ಸಾಲದಿದ್ದರೆ ಸಂತ ವಿನ್ಸೆಂಟ್ ಡಿ ಪೌಲ್ ಸಭೆ ಅದನ್ನು ಭರಿಸಬಹುದು. ಕಿರು ಕ್ರೈಸ್ತ ಸಮುದಾಯದ ಸಭೆಗಳಲ್ಲಿ ಈ ವಿಷಯ ಮಾತಾಡಿದರೆ, ನಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂದು ಬಾಗಿಲು ಮುಚ್ಚಿ ಅಳುವ ತಾಯಿ ಒಂಟಿಯಲ್ಲವೆಂದು ತಿಳಿಯುತ್ತಾಳೆ.

ಪ್ರಿಯರೇ, ಡಿಸ್ಲೆಕ್ಸಿಯಾ ಔಷಧಿಯಿಂದ ವಾಸಿಯಾಗುವ ರೋಗವಲ್ಲ. ಸರಿಯಾದ ಪಾಠದಿಂದ ಮಗು ಓದಲು ಕಲಿಯುತ್ತದೆ, ಆದರೆ ಓದು ಇತರರಿಗಿಂತ ನಿಧಾನವಾಗಿಯೇ ಉಳಿಯಬಹುದು. ಹಾಗಾಗಿ ಪವಾಡದ ಮಾತನ್ನು ನಾನು ನಿಮಗೆ ಕೊಡಲಾರೆ. ಕೊಡಬಹುದಾದ ಮಾತು ಇಷ್ಟೇ. ದೇವರ ಮುಂದೆ ನಿಂತಾಗ ನಿನ್ನ ಮಗ ಎಷ್ಟು ಅಂಕ ತೆಗೆದನು ಎಂದು ಅವರು ನಮ್ಮನ್ನು ಕೇಳಲಾರರು. ಅವನು ಅಳುತ್ತಾ ಪುಸ್ತಕ ಹಿಡಿದಿದ್ದಾಗ ನೀನು ಎಲ್ಲಿದ್ದೆ ಎಂದು ಕೇಳಿಯಾರು. ಇಂದು ಸಂಜೆ ಜಪಸರ ಮುಗಿದ ಮೇಲೆ ನಿಮ್ಮ ಮಗುವಿನ ಪಕ್ಕದಲ್ಲಿ ಹದಿನೈದು ನಿಮಿಷ ಕುಳಿತುಕೊಳ್ಳಿ. ಆ ಉತ್ತರಕ್ಕೆ ಅದೇ ಆರಂಭ.

ಸಂತ ಬೆರ್ನದೆತ್‌ಳ ಪ್ರಾರ್ಥನೆಯ ಫಲವಾಗಿ, ಅಕ್ಷರದ ಮುಂದೆ ಅಳುವ ಪ್ರತಿಯೊಂದು ಮಗುವಿಗೂ ಪಕ್ಕದಲ್ಲಿ ಕೂರುವವರೊಬ್ಬರನ್ನು ಪ್ರಭು ದಯಪಾಲಿಸಲಿ. ಆ ಒಬ್ಬರು ನಾವೇ ಆಗುವ ಕೃಪೆಯನ್ನೂ ನಮಗೆ ನೀಡಲಿ. ಆಮೆನ್.